ಮೂರು ಹಟ್ಟಿ, ಹನ್ನೊಂದು ಪ್ರಶ್ನಾರ್ಥಕ

"ಕನ್ನಡದಾಗೆ ಯಾಕ್ರೀ ಹಾಕ್ತೀರಿ? ಇಂಗ್ಲಿಷ್‌ನಾಗೆ ಹಾಕಿದ್ರೆ ಈ ತಲೆನೋವೇ ಇರಲ್ಲ."

ನನ್ನ ನೌಕರಿಯಲ್ಲಿ ಅತಿ ಹೆಚ್ಚು ಸಲ ಕೇಳಿದ ಮಾತು ಇದು. ಹೇಳಿದವರೆಲ್ಲ ಕನ್ನಡದವರೇ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಕನ್ನಡ, ಬೈಯುವುದಕ್ಕೂ ಕನ್ನಡ. ಆದರೆ ಕೋಷ್ಟಕದಲ್ಲಿ ಒಂದು ಊರಿನ ಹೆಸರು ಕೆಟ್ಟು ಕಂಡರೆ ಸಾಕು, ತಪ್ಪು ಕನ್ನಡದ್ದು. ಕೆಡಿಸಿದ್ದು ಯಾವುದು, ಯಾರು ಕಡತವನ್ನು ಹೇಗೆ ತೆರೆದರು ಎಂದು ಕೇಳುವವರಿಲ್ಲ.

ನಾನು ದಾವಣಗೆರೆಯ ಒಂದು ಸಮೀಕ್ಷಾ ಸಂಸ್ಥೆಯ ದತ್ತಾಂಶ ವಿಭಾಗದಲ್ಲಿದ್ದೆ. ಹಳ್ಳಿಗಳಲ್ಲಿ ತುಂಬಿಸಿಕೊಂಡು ಬಂದ ನಮೂನೆಗಳನ್ನು ಕಂಪ್ಯೂಟರಿಗೆ ಏರಿಸುವುದು, ಏರಿಸಿದ್ದು ಸರಿಯಿದೆಯೇ ನೋಡುವುದು, ಆಮೇಲೆ ಅಂಕಿಸಂಖ್ಯೆಯ ಸಾಫ್ಟ್‌ವೇರಿಗೆ ಕೊಟ್ಟು ಕೋಷ್ಟಕ ತೆಗೆಯುವುದು. ನೇಮಕದ ಪತ್ರದಲ್ಲಿ ಇಷ್ಟೇ ಇತ್ತು. ನಿಜವಾಗಿ ನನ್ನ ಅರ್ಧ ಆಯುಷ್ಯ ಕಳೆದದ್ದು ಕೆಟ್ಟುಹೋದ ಅಕ್ಷರಗಳನ್ನು ರಿಪೇರಿ ಮಾಡುವುದರಲ್ಲಿ. ಈಗ ಚನ್ನಗಿರಿಯಲ್ಲಿ ತಂಗಿಯ ಮನೆಯ ಪಕ್ಕ ಇದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಸೇರಿದ ಹುಡುಗಿಯರು ಕೆಲವರು ಫೋನ್ ಮಾಡಿ, "ಮೇಡಂ, ಹೆಸರೆಲ್ಲ ಡಬ್ಬಿ ಡಬ್ಬಿ ಬರ್ತೈತೆ, ಏನ್ ಮಾಡಾಕೆ ಬರ್ತೈತೆ?" ಎಂದು ಕೇಳುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ. ಯಾವ ವರ್ಷ ಯಾವ ಹುದ್ದೆ ಸಿಕ್ಕಿತು ಎಂಬುದನ್ನು ಬಿಡುತ್ತೇನೆ. ಅದು ನಿಮಗೆ ಬೇಡ, ನನಗೂ ಸರಿಯಾಗಿ ನೆನಪಿಲ್ಲ.

ಮೊದಲು ಇಷ್ಟು ತಿಳಿದಿರಲಿ. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಈ ಸಂಖ್ಯೆ ಅಂದರೆ 'ಕ', ಆ ಸಂಖ್ಯೆ ಅಂದರೆ 'ಖ' ಎಂದು ಒಂದು ಒಪ್ಪಂದ ಇರುತ್ತದೆ. ಬರೆದವರು ಒಂದು ಒಪ್ಪಂದದಲ್ಲಿ ಬರೆದು, ಓದುವವರು ಇನ್ನೊಂದರಲ್ಲಿ ಓದಿದರೆ ಹೆಸರು ಹಾಳು. ನಾನು ಸೇರಿದ ಕಾಲಕ್ಕೆ ನಮ್ಮ ಕಡೆ ಕನ್ನಡ ಎಂದರೆ ಫಾಂಟು. ಒಳಗೆ ಇರುತ್ತಿದ್ದುದು ಇಂಗ್ಲಿಷಿನ ಸಂಖ್ಯೆಗಳೇ, ಮೇಲೆ ಕನ್ನಡದ ಆಕಾರ ಹೊದಿಸಿರುತ್ತಿದ್ದರು. ಆ ಫಾಂಟು ಇಲ್ಲದ ಯಂತ್ರದಲ್ಲಿ ಹೊನ್ನಾಳಿ ಎಂದು ಬರೆದದ್ದು ºÉÆ£Áß½ ಎಂದು ಕಾಣುತ್ತಿತ್ತು. ಅಂಕಿಸಂಖ್ಯೆಯ ಸಾಫ್ಟ್‌ವೇರಿಗೆ ಆ ಫಾಂಟಿನ ಗೊಡವೆ ಇರಲಿಲ್ಲ. ಹೀಗಾಗಿ ನಮ್ಮ ಜಿಲ್ಲೆಯ ಊರುಗಳೆಲ್ಲ ವರ್ಷಾನುಗಟ್ಟಲೆ ಅದೇ ವೇಷದಲ್ಲಿ ಮುದ್ರಣವಾಗಿ ಬರುತ್ತಿದ್ದವು. ನಾವು ಕೂತು ಪೆನ್ನಿನಿಂದ ತಿದ್ದುತ್ತಿದ್ದೆವು.

ಬೇರೆಯವರ ತಪ್ಪು ಹೇಳುವ ಮೊದಲು ನನ್ನದು ಹೇಳಿಬಿಡುತ್ತೇನೆ.

ಸೂಳೆಕೆರೆಯ ಸುತ್ತಿನ ಮೀನುಗಾರ ಮನೆಗಳ ಒಂದು ಸಮೀಕ್ಷೆ ಇತ್ತು. ಕಡತ ಹಳೆಯ ಫಾಂಟಿನಲ್ಲಿತ್ತು. ಅದನ್ನು ಹೊಸ ಪದ್ಧತಿಗೆ, ಅಂದರೆ ಯೂನಿಕೋಡಿಗೆ, ಬದಲಿಸುವ ಒಂದು ಪುಟ್ಟ ಪ್ರೋಗ್ರಾಮು ಕೈಗೆ ಸಿಕ್ಕಿತು. ಓಡಿಸಿದೆ. ಮೊದಲ ಪುಟದ ಹೆಸರುಗಳು ಮುತ್ತಿನಂತೆ ಬಂದವು. ಖುಷಿಯಲ್ಲಿ ಅದೇ ಹೆಸರಿನಲ್ಲಿ, ಮೂಲ ಕಡತದ ಮೇಲೆಯೇ ಉಳಿಸಿಬಿಟ್ಟೆ. ಕಡತದ ಕೊನೆಯ ಭಾಗವನ್ನು ಬೇರೆಯವರು ಆಗಲೇ ಹೊಸ ಪದ್ಧತಿಯಲ್ಲಿ ಏರಿಸಿದ್ದರು ಎಂಬುದು ನನಗೆ ಗೊತ್ತಿರಲಿಲ್ಲ. ಸರಿಯಿದ್ದದ್ದನ್ನು ಆ ಪ್ರೋಗ್ರಾಮು ಇನ್ನೊಮ್ಮೆ ಬದಲಿಸಲು ಹೋಗಿ ಅಷ್ಟೂ ಹೆಸರನ್ನು ಪ್ರಶ್ನಾರ್ಥಕ ಚಿಹ್ನೆ ಮಾಡಿತ್ತು. ಹೆದರಿಕೊಂಡು ನಮೂನೆಗಳನ್ನು ಹುಡುಕಿದೆ. ಜಾಗ ಇಲ್ಲವೆಂದು ಹಿಂದಿನ ವಾರ ರದ್ದಿಗೆ ಹಾಕಿದ್ದರು. ಹಾಕಬಹುದು ಎಂದು ಸಹಿ ಮಾಡಿದವಳೂ ನಾನೇ.

ಬಸ್ಸು ಹಿಡಿದು ಹೋದೆ. ಒಂದು ನೋಟುಬುಕ್ಕು ಹಿಡಿದುಕೊಂಡು ಕೆರೆಯ ಸುತ್ತಿನ ಊರುಗಳಲ್ಲಿ ಮನೆ ಮನೆ ತಿರುಗಿದೆ. ಹಾಲಪ್ಪ ಎಂಬ ವಯಸ್ಸಾದ ಮೀನುಗಾರರು ದಂಡೆಯ ಮೇಲೆ ಬಲೆ ಹರವಿಕೊಂಡು ಕೂತಿದ್ದರು.

"ಹೋದ ವರ್ಸ ಬರ್ಕಂಡು ಹೋಗಿದ್ರಲ್ಲಮ್ಮ. ಅದೇನಾತು?" ಎಂದರು.

"ನಾನೇ ಕಳೆದೆ," ಎಂದೆ.

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಬರ್ಕಳ್ರಿ ಮತ್ತೆ. ಈ ಸಲ ಗಟ್ಟಿಯಾಗಿ ಬರ್ಕಳ್ರಿ," ಎಂದರು.

ಅಲ್ಲಿಂದ ಎರಡು ಪದ್ಧತಿ ಹಾಕಿಕೊಂಡೆ. ಮೂಲ ಕಡತದ ಮೇಲೆ ಬರೆಯುವುದಿಲ್ಲ, ಏನೇ ಮಾಡಿದರೂ ಅದರ ನಕಲಿನ ಮೇಲೆ. ಎರಡನೆಯದು, ನಮೂನೆ ರದ್ದಿಗೆ ಹೋಗುವುದಿಲ್ಲ. ನನ್ನ ವಿಭಾಗದ ಬೀರುಗಳು ತುಂಬಿ, ಬೀರುವಿನ ಮೇಲೆ ಕಟ್ಟುಗಳು ಸೂರು ಮುಟ್ಟಿ, ಜನ ನನ್ನನ್ನು ಗುಜರಿ ಗಿರಿಜಮ್ಮ ಎಂದು ಕರೆಯತೊಡಗಿದರು. ಕರೆಯಲಿ ಎಂದು ಬಿಟ್ಟೆ.

ಹೊನ್ನಾಳಿಯ ಪ್ರಸಂಗ ಅದಕ್ಕಿಂತ ಕೆಟ್ಟದ್ದು. ಅಲ್ಲಿ ತಪ್ಪು ಮಾಡಿದವರು ಒಬ್ಬರು, ಪೆಟ್ಟು ತಿಂದವರು ಇನ್ನೊಬ್ಬರು.

ಮಕ್ಕಳ ಲಸಿಕೆಯ ಸಮೀಕ್ಷೆ. ನ್ಯಾಮತಿ ಆಗ ತಾನೇ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಗಿತ್ತು. ನಮ್ಮಲ್ಲಿ ಏರಿಸುವ ಕೆಲಸಕ್ಕೆ ಶಬೀನಾ ಎಂಬ ಹೆಣ್ಣುಮಗಳು ಇದ್ದಳು. ಹೊನ್ನಾಳಿಯವಳೇ. ಅವಳ ಬೆರಳು ತಪ್ಪು ಮಾಡಿದ್ದನ್ನು ನಾನು ನೋಡಿಲ್ಲ. ತಾಲ್ಲೂಕುವಾರು ಕೋಷ್ಟಕ ತೆಗೆದಾಗ ಹೊನ್ನಾಳಿ ಎರಡು ಸಲ ಬಂತು. ಒಂದು ಸಾಲಿನಲ್ಲಿ ಹೊನ್ನಾಳಿ, ಅದರ ಕೆಳಗೆ ಇನ್ನೊಂದು ಹೊನ್ನಾಳಿ. ಅಕ್ಷರ ಅಕ್ಷರವೂ ಒಂದೇ, ಅಂಕಿ ಮಾತ್ರ ಬೇರೆ ಬೇರೆ.

ನಮ್ಮ ನಿರ್ದೇಶಕರು ಪ್ರಭಾಕರ ಸಾಹೇಬರು. ಓದಿಕೊಂಡವರು, ಒಳ್ಳೆಯ ಭಾಷಣಕಾರರು, ಕಂಪ್ಯೂಟರಿನ ಗುಂಡಿ ಒತ್ತದವರು. ಕೋಷ್ಟಕವನ್ನು ನೋಡಿ ಶಬೀನಾಳನ್ನು ಕರೆಸಿದರು.

"ಒಂದೇ ಊರನ್ನ ಎರಡು ಥರ ಹೆಂಗೆ ಟೈಪ್ ಮಾಡ್ತೀಯಮ್ಮ?"

"ಒಂದೇ ಥರ ಮಾಡಿದೀನಿ ಸಾರ್. ನೋಡ್ರಿ ನೀವೇ, ಎರಡೂ ಒಂದೇ ಐತೆ."

"ಒಂದೇ ಇದ್ರೆ ಎರಡು ಯಾಕೆ ಬರ್ತೈತೆ? ಕಂಪ್ಯೂಟರ್ ಸುಳ್ಳು ಹೇಳ್ತೈತಾ?"

ನಾನು, "ಸಾರ್, ಎರಡು ದಿನ ಕೊಡ್ರಿ, ನೋಡ್ತೀನಿ," ಎಂದೆ. ಅವರಿಗೆ ಪುರುಸೊತ್ತು ಇರಲಿಲ್ಲ. ಕನ್ನಡಕ ಸರಿಮಾಡಿಕೊಂಡು, "ನ್ಯಾಮತಿ ಮೊದಲು ಹೊನ್ನಾಳಿಯಾಗೇ ಇತ್ತಲ್ಲ. ಹಳೇ ಹೆಸರಿನಾಗೆ ಬಂದಿರಬೇಕು," ಎಂದು ಎರಡನೇ ಹೊನ್ನಾಳಿಯನ್ನು ಪೆನ್ನಿನಿಂದ ಹೊಡೆದು, ಆ ಅಂಕಿಗಳನ್ನು ನ್ಯಾಮತಿಗೆ ಕೂಡಿಸಿದರು. ವರದಿ ಹೋಯಿತು.

ಒಂದೂವರೆ ತಿಂಗಳಾದ ಮೇಲೆ ನ್ಯಾಮತಿ ಕಡೆಯ ಒಬ್ಬ ಆರೋಗ್ಯ ಸಹಾಯಕಿ ನಮ್ಮ ಕಚೇರಿಗೆ ಬಂದರು. ಐವತ್ತರ ಆಸುಪಾಸಿನವರು, ಕೈಯಲ್ಲಿ ನೀಲಿ ರಟ್ಟಿನ ರಿಜಿಸ್ಟರು, ಅದರೊಳಗೆ ಮಡಚಿದ ಒಂದು ನೋಟಿಸು. ಅವರ ವ್ಯಾಪ್ತಿಯಲ್ಲಿ ಲಸಿಕೆ ಹಾಕಿಸಿಕೊಳ್ಳದ ಮಕ್ಕಳು ಇಷ್ಟೇಕೆ ಎಂದು ವಿವರಣೆ ಕೇಳಿದ್ದರು.

"ಇಷ್ಟು ಮಕ್ಕಳೇ ನನ್ನ ಊರುಗಳಾಗೆ ಇಲ್ಲ ಕಣ್ರಮ್ಮ," ಎಂದರು. "ಹುಟ್ಟದೇ ಇರೋ ಮಕ್ಕಳಿಗೆ ನಾನು ಹೆಂಗೆ ಸೂಜಿ ಹಾಕ್ಲಿ?"

ರಿಜಿಸ್ಟರನ್ನು ಮೇಜಿನ ಮೇಲೆ ಬಿಚ್ಚಿ, ಒಂದೊಂದು ಮಗುವಿನ ಹೆಸರನ್ನೂ ಬೆರಳಿಟ್ಟು ತೋರಿಸಿದರು. ಯಾವ ಮನೆ, ಯಾವ ದಿನ, ಯಾವ ಲಸಿಕೆ, ಜ್ವರ ಬಂತೇ ಇಲ್ಲವೇ. ಅಷ್ಟು ಅಚ್ಚುಕಟ್ಟಾದ ದಾಖಲೆಯನ್ನು ನಾನು ನಮ್ಮ ಸಂಸ್ಥೆಯಲ್ಲೂ ಕಂಡಿರಲಿಲ್ಲ.

ಅವತ್ತೇ ಕೂತೆ. ಕಡತದ ಪ್ರತಿ ಅಕ್ಷರದ ಹಿಂದಿನ ಸಂಖ್ಯೆಯನ್ನು ತೋರಿಸುವಂತೆ ಮಾಡಿ, ಎರಡೂ ಹೊನ್ನಾಳಿಗಳನ್ನು ಪಕ್ಕಪಕ್ಕ ಇಟ್ಟೆ. ಮೂರನೇ ದಿನಕ್ಕೆ ಸಿಕ್ಕಿತು. 'ಹೊ' ಎಂಬುದರಲ್ಲಿ ಹಕಾರಕ್ಕೆ ಹತ್ತುವ ಒಕಾರದ ಗುರುತನ್ನು ಒಂದೇ ಸಂಖ್ಯೆಯಾಗಿಯೂ ಬರೆಯಬಹುದು, ಎಕಾರದ ಗುರುತು ಮತ್ತು ಊಕಾರದ ಗುರುತು ಎಂದು ಎರಡು ಸಂಖ್ಯೆಯಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ 'ಹೊ'. ನಮ್ಮಲ್ಲಿ ಏರಿಸುತ್ತಿದ್ದ ಎರಡು ಯಂತ್ರಗಳಲ್ಲಿ ಕನ್ನಡ ಬರೆಯುವ ಪ್ರೋಗ್ರಾಮುಗಳು ಬೇರೆ ಬೇರೆ. ಒಂದು ಹೀಗೆ ಬರೆದಿತ್ತು, ಇನ್ನೊಂದು ಹಾಗೆ. ಸಂಖ್ಯೆ ಬೇರೆಯಾದದ್ದರಿಂದ ಸಾಫ್ಟ್‌ವೇರು ಎರಡು ತಾಲ್ಲೂಕು ಎಂದು ಎಣಿಸಿತು. ಅದಕ್ಕೂ ಶಬೀನಾಳಿಗೂ ಏನು ಸಂಬಂಧ? ಆ ಪ್ರೋಗ್ರಾಮು ಹಾಕಿಸಿದವಳು ಅವಳಲ್ಲ. ಅವಳು ಹೊನ್ನಾಳಿ ಎಂದು ಒತ್ತಿದ್ದಳು, ಹೊನ್ನಾಳಿ ಎಂದೇ ಕಂಡಿತ್ತು.

ಸಾಹೇಬರಿಗೆ ವಿವರಿಸಿದೆ. ತಿದ್ದುಪಡಿ ಕಳಿಸಿದರು. ನ್ಯಾಮತಿಯ ಆ ಆರೋಗ್ಯ ಸಹಾಯಕಿಯ ನೋಟಿಸು ರದ್ದಾಯಿತು. ಆದರೆ ತಿದ್ದುಪಡಿಗೆ ಕಾರಣ ಬೇಕಲ್ಲ, 'ಏರಿಕೆಯ ಹಂತದಲ್ಲಿ ಆದ ಲೋಪ' ಎಂದು ಬರೆದರು. ಏರಿಕೆಯ ಹಂತ ಎಂದರೆ ಶಬೀನಾ. ಅವಳಿಗೆ ಒಂದು ಮೆಮೊ ಕೊಟ್ಟರು. ಅವಳು ಅದನ್ನು ತಂದು ನನ್ನ ಮೇಜಿನ ಮೇಲಿಟ್ಟು, "ಅಕ್ಕ, ಇದಕ್ಕೆ ಏನಂತ ಉತ್ತರ ಬರೀಲಿ? ನಾನು ಏನ್ ಮಾಡಿದೀನಿ ಅಂತ ನನಗೇ ಗೊತ್ತಿಲ್ಲ," ಎಂದಳು.

"ಇನ್ನು ಮುಂದೆ ಜಾಗ್ರತೆ ವಹಿಸ್ತೀನಿ ಅಂತ ಬರ್ದುಬಿಡು, ಮುಗಿದೋಗ್ಲಿ," ಎಂದೆ.

ಈ ಮಾತನ್ನು ಬರೆಯುವಾಗ ನನಗೆ ನನ್ನ ಮೇಲೇ ಸಿಟ್ಟು ಬರುತ್ತಿದೆ. ಸತ್ಯ ಗೊತ್ತಿದ್ದವಳು ನಾನೊಬ್ಬಳೇ. ಸಾಹೇಬರ ಬಾಗಿಲು ಹತ್ತು ಹೆಜ್ಜೆ ದೂರ ಇತ್ತು. ಹೋಗಲಿಲ್ಲ.

ಈಗ ಜಗಳೂರಿನ ವಿಷಯ. ಇದನ್ನು ಹೇಳುವುದಕ್ಕಾಗಿಯೇ ಕೂತೆ.

ಜಗಳೂರು ತಾಲ್ಲೂಕಿನ ಕುಡಿಯುವ ನೀರಿನ ಸಮೀಕ್ಷೆ ನಮಗೆ ಬಂತು. ಅಲ್ಲಿ ಬೋರ್‌ವೆಲ್ಲಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ದೊಡ್ಡವರ ಮಂಡಿ, ಬೆನ್ನು ಬಿಗಿದುಕೊಳ್ಳುತ್ತವೆ. ಯಾವ ಊರಿಗೆ ಮೊದಲು ಶುದ್ಧ ನೀರಿನ ಘಟಕ ಹಾಕಬೇಕು ಎಂದು ನಮ್ಮ ಪಟ್ಟಿ ನೋಡಿ ತೀರ್ಮಾನ ಮಾಡುತ್ತೇವೆ ಎಂದು ಸಮೀಕ್ಷೆ ಮಾಡಿಸಿದ ಕಚೇರಿಯವರು ಹೇಳಿದ್ದರು. ಅಂದರೆ ಪಟ್ಟಿಯಲ್ಲಿ ಇದ್ದರೆ ನೀರು, ಇಲ್ಲದಿದ್ದರೆ ಇಲ್ಲ.

ಮನೆ ಮನೆಗೆ ಹೋಗಿ ನಮೂನೆ ತುಂಬಿಸಿದವನು ತಿಪ್ಪೇಸ್ವಾಮಿ. ಜಗಳೂರಿನವನೇ, ನಲವತ್ತು ದಾಟಿದವನು, ನಮ್ಮಲ್ಲಿ ಹಂಗಾಮಿ. ದೊಡ್ಡ ಊರುಗಳಿಗೆಲ್ಲ ಸರ್ಕಾರದ ಪಟ್ಟಿಯಲ್ಲಿ ಒಂದು ಸಂಖ್ಯೆ ಇರುತ್ತದೆ. ನಾವು ಆ ಸಂಖ್ಯೆಯನ್ನೇ ಏರಿಸುತ್ತಿದ್ದೆವು. ಆದರೆ ಊರಿನಿಂದ ಎರಡು ಮೂರು ಮೈಲಿ ದೂರದಲ್ಲಿ, ಗುಡ್ಡದ ಬದಿಯಲ್ಲಿ ಇರುವ ಹಟ್ಟಿಗಳಿಗೆ ಸಂಖ್ಯೆ ಇರುವುದಿಲ್ಲ. ಅಲ್ಲಿಗೆ ಹೋಗಲೇಬೇಕು ಎಂದು ತಿಪ್ಪೇಸ್ವಾಮಿಗೆ ಯಾರೂ ಹೇಳಿರಲಿಲ್ಲ. ಅವನು ಹೋದ. ಮೂರು ಹಟ್ಟಿಗಳಲ್ಲಿ ಮನೆ ಬಿಡದೆ ನಮೂನೆ ತುಂಬಿದ, ಪರೀಕ್ಷೆಗೆ ಬಾಟಲಿಯಲ್ಲಿ ನೀರು ತಂದ. ಊರಿನ ಸಂಖ್ಯೆಯ ಜಾಗದಲ್ಲಿ ಹೆಸರನ್ನೇ ಕನ್ನಡದಲ್ಲಿ ಬರೆದ. ಗುಡ್ಡದಹಟ್ಟಿ, ಕಲ್ಲೇರಹಟ್ಟಿ, ಚಿಕ್ಕನಹಟ್ಟಿ. ಇವು ಅಲ್ಲಿನ ನಿಜವಾದ ಹೆಸರುಗಳಲ್ಲ. ಹೆಸರು ಬದಲಿಸಿದ್ದೇನೆ, ಅಕ್ಷರದ ಲೆಕ್ಕ ಬದಲಿಸಿಲ್ಲ.

ಶಬೀನಾ ಅವನ್ನು ಹಾಗೆಯೇ ಏರಿಸಿದಳು. ನಾನು ನೋಡಿ ಕಡತವನ್ನು ಬೆಂಗಳೂರಿನ ನಮ್ಮ ಕೇಂದ್ರ ಕಚೇರಿಗೆ ಕಳಿಸಿದೆ. ಅಲ್ಲಿ ನಿಖಿಲ್ ಎಂಬ ವಿಶ್ಲೇಷಕ ಅಂಕಿಸಂಖ್ಯೆಯ ಸಾಫ್ಟ್‌ವೇರಿನಲ್ಲಿ ತೆರೆದು ಪಟ್ಟಿ ತಯಾರಿಸಿದ. ಕರಡು ವರದಿ ನಮ್ಮ ಕೈಗೆ ಬಂತು. ನಮೂನೆಯ ಕಟ್ಟುಗಳನ್ನು ಎಣಿಸಿ ವರದಿಯ ಮೊತ್ತಕ್ಕೆ ತಾಳೆ ನೋಡುವುದು ನನ್ನ ಚಾಳಿ. ತಾಳೆಯಾಗಲಿಲ್ಲ. ಮನೆಗಳು ಕಡಿಮೆ ಇದ್ದವು. ಊರಿನ ಪಟ್ಟಿಯಲ್ಲಿ ಬೆರಳಾಡಿಸಿದೆ. ಮೂರು ಹಟ್ಟಿಗಳಲ್ಲಿ ಒಂದೂ ಇರಲಿಲ್ಲ.

ನಿಖಿಲ್‌ಗೆ ಫೋನ್ ಮಾಡಿದೆ.

"ಡುಪ್ಲಿಕೇಟ್ ಇತ್ತು ಮೇಡಂ, ತೆಗೆದೆ," ಎಂದ.

"ಯಾವುದು ಡುಪ್ಲಿಕೇಟು?"

"ಒಂದೇ ಊರು, ಒಂದೇ ಮನೆ ನಂಬರ್. ಮೂರ್ಮೂರು ಸಲ ಬಂದಿತ್ತು. ಒಂದು ಇಟ್ಕೊಂಡು ಎರಡು ತೆಗೆದೆ."

"ಆ ಊರಿನ ಹೆಸರು ಏನಂತ ಇದೆ, ನೋಡಿ ಹೇಳಿ."

ಕೀಲಿಮಣೆಯ ಸದ್ದು ಕೇಳಿತು. "ಹೆಸರಿಲ್ಲ ಮೇಡಂ. ಬರೀ ಕ್ವೆಶ್ಚನ್ ಮಾರ್ಕ್ ಇದೆ."

"ಎಷ್ಟಿದೆ?"

"ಎಷ್ಟು ಅಂದ್ರೆ?"

"ಎಣಿಸಪ್ಪ."

ಅವನು ಎಣಿಸಿದ. "ಹನ್ನೊಂದು."

ನಾನು ಮುಂದಿದ್ದ ಕಾಗದದ ಮೇಲೆ ಮೂರೂ ಹೆಸರು ಬರೆದು ಬಿಡಿಸಿದೆ. ಕಂಪ್ಯೂಟರಿನ ಲೆಕ್ಕದಲ್ಲಿ ಗುಣಿತದ ಗುರುತು ಒಂದು, ಒತ್ತಿಗೆ ಮುಂಚಿನ ಅರ್ಧಚಿಹ್ನೆ ಒಂದು, ಎಲ್ಲವೂ ಬಿಡಿ ಬಿಡಿ. 'ಹಟ್ಟಿ' ಎಂಬುದು ಐದು. 'ಗುಡ್ಡದ' ಆರು. 'ಕಲ್ಲೇರ' ಆರು. 'ಚಿಕ್ಕನ' ಆರು. ಮೂರೂ ಹನ್ನೊಂದು. ಆ ಸಾಫ್ಟ್‌ವೇರಿನಲ್ಲಿ ಹಳೆಯ ಪದ್ಧತಿಯಲ್ಲಿ ಓದಬೇಕೋ ಯೂನಿಕೋಡಿನಲ್ಲೋ ಎಂದು ಮೊದಲೇ ಹೇಳುವ ಒಂದು ಆಯ್ಕೆ ಇರುತ್ತದೆ. ಯಾವ ಕಡತವೂ ತೆರೆದಿಲ್ಲದಾಗ ಮಾತ್ರ ಅದನ್ನು ಬದಲಿಸಬಹುದು. ಅವನು ಬದಲಿಸಿರಲಿಲ್ಲ. ಹಳೆಯ ಪದ್ಧತಿಗೆ ಕನ್ನಡ ತಿಳಿಯದು. ಗೊತ್ತಿಲ್ಲದ ಪ್ರತಿ ಗುರುತಿಗೂ ಒಂದೊಂದು ಪ್ರಶ್ನಾರ್ಥಕ ಇಟ್ಟಿತು. ಮೂರು ಹಟ್ಟಿ ಒಂದೇ ಊರಾಯಿತು. ಮೂರು ಹಟ್ಟಿಯ ಒಂದನೇ ನಂಬರಿನ ಮನೆಗಳು ಒಂದೇ ಮನೆಯಾದವು.

"ಸರಿ, ಎರಡು ಪಾಲು ತೆಗೆದಿರಿ. ಉಳಿದ ಒಂದು ಪಾಲು ಎಲ್ಲಿ? ಪಟ್ಟಿಯಲ್ಲಿ ಅದೂ ಇಲ್ಲ."

"ಹೆಸರೇ ಇಲ್ಲದ ಊರನ್ನ ರಿಪೋರ್ಟಲ್ಲಿ ಹೇಗೆ ಹಾಕೋದು ಮೇಡಂ? ಕೊನೇಲಿ ಜಂಕ್ ಅಂತ ತೆಗೆದ್ಬಿಟ್ಟೆ."

ಜಂಕ್. ಈ ಮಾತು ನಮ್ಮ ವೃತ್ತಿಯಲ್ಲಿ ಎಲ್ಲರ ಬಾಯಲ್ಲೂ ಸಲೀಸಾಗಿ ಬರುತ್ತದೆ. ಕೇಳಿಸಿಕೊಳ್ಳಲಾಗದೆ ಫೋನ್ ಇಟ್ಟೆ. ನಿಖಿಲ್ ಕೆಟ್ಟ ಹುಡುಗನಲ್ಲ. ಅವನಿಗೆ ಕಲಿಸಿದವರು ಹಾಗೆಯೇ ಕಲಿಸಿದ್ದರು. ಓದಲಿಕ್ಕೆ ಬಾರದ್ದನ್ನು ತೆಗೆ, ಕೋಷ್ಟಕ ಚೊಕ್ಕವಾಗುತ್ತದೆ. ಸಾಫ್ಟ್‌ವೇರು ತನಗೆ ತಿಳಿಯದು ಎಂದು ಪ್ರಾಮಾಣಿಕವಾಗಿ ಪ್ರಶ್ನೆಯ ಗುರುತನ್ನೇ ಹಾಕಿತ್ತು. ಆ ಪ್ರಶ್ನೆಯನ್ನು ಕೇಳಬೇಕಾದ ಮನುಷ್ಯ ಕೇಳಲಿಲ್ಲ.

ಸಾಹೇಬರ ಬಳಿ ಹೋದೆ. ವರದಿ ಅಷ್ಟರಲ್ಲಿ ಮೇಲೆ ಹೋಗಿತ್ತು. ನಮ್ಮ ಸಹಿಗೆ ಕಾಯದೆ ಬೆಂಗಳೂರಿನವರೇ ಕಳಿಸಿದ್ದರು. ನನ್ನ ಮಾತು ಕೇಳಿ ಸಾಹೇಬರು ಒಂದು ಕಾಗದ ಮುಂದೆ ತಳ್ಳಿದರು. ಒಂದೇ ಮನೆಯ ನಮೂನೆಯನ್ನು ಮೂರು ಸಲ ತುಂಬಿ, ಹಟ್ಟಿಗೆ ಹೋಗದೆಯೇ ಕೂತಲ್ಲಿ ಸುಳ್ಳು ವಿವರ ಬರೆದಿದ್ದಾನೆ ಎಂದು ತಿಪ್ಪೇಸ್ವಾಮಿಯನ್ನು ತೆಗೆದುಹಾಕುವ ಆದೇಶದ ಕರಡು.

"ಡುಪ್ಲಿಕೇಟ್ ಇರೋದು ಬೆಂಗಳೂರಿನವರಿಗೇ ಗೊತ್ತಾಗೈತೆ. ಹಂಗಾಮಿಯವರು ಎಲ್ಲಾ ಹಿಂಗೇ ಮಾಡೋದು ಗಿರಿಜಮ್ಮ," ಎಂದರು.

"ಅವನು ಹೋಗಿದಾನೆ ಸಾರ್. ನಮೂನೆ ನನ್ನ ಹತ್ರ ಐತೆ. ಮೂರು ಬೇರೆ ಬೇರೆ ಹಟ್ಟಿ, ಬೇರೆ ಬೇರೆ ಜನ."

"ಕಾಗದದ ಮ್ಯಾಲೆ ಏನ್ ಬೇಕಾದ್ರೂ ಬರೀಬಹುದು. ಹಟ್ಟಿ ಐತೋ ಇಲ್ವೋ ಯಾರು ನೋಡಿದಾರೆ?"

"ನಾನು ನೋಡ್ಕಂಡು ಬರ್ತೀನಿ," ಎಂದೆ.

ಮರುದಿನ ಬೆಳಗ್ಗೆ ಮೂರು ಕಟ್ಟು ನಮೂನೆ ಚೀಲಕ್ಕೆ ತುಂಬಿಕೊಂಡು ಜಗಳೂರಿನ ಬಸ್ಸು ಹತ್ತಿದೆ. ತಿಪ್ಪೇಸ್ವಾಮಿ ಬಸ್ ಸ್ಟ್ಯಾಂಡಿನಲ್ಲಿ ಬೈಕಿನೊಂದಿಗೆ ಕಾಯುತ್ತಿದ್ದ. ಅವನಿಗೆ ವಿಷಯ ತಿಳಿದಿತ್ತು. ಗುಡ್ಡದಹಟ್ಟಿಯ ತಿರುವಿನಲ್ಲಿ ಬೈಕು ನಿಲ್ಲಿಸಿ ಒಂದೇ ಮಾತು ಹೇಳಿದ. "ಮೇಡಂ, ಈ ಜನ ನನ್ನನ್ನ ನಂಬಿ ಬಾಟ್ಲಿಗೆ ನೀರು ಹಿಡಿದು ಕೊಟ್ಟಿದಾರೆ. ನೌಕರಿ ಹೋದ್ರೆ ಹೋಗ್ಲಿ. ಇವ್ರ ಮುಂದೆ ಮಾತ್ರ ನಾನು ಸುಳ್ಳುಗಾರ ಆಗಬಾರದು."

ಮನೆ ನಂಬರ್ ಒಂದು ಓಬಮ್ಮನವರದು. ನಮೂನೆಯಲ್ಲಿ ಬರೆದಂತೆ ಗೋಡೆಯ ಮೇಲೆ ಸೀಮೆಸುಣ್ಣದ ಸಂಖ್ಯೆ ಇನ್ನೂ ಮಾಸಿರಲಿಲ್ಲ. ಓಬಮ್ಮ ಗೋಡೆ ಹಿಡಿದುಕೊಂಡು ಎದ್ದು ನಿಂತರು. ಮಂಡಿ ನೇರವಾಗುತ್ತಿರಲಿಲ್ಲ. ಒಳಗಿನಿಂದ ಮೊಮ್ಮಗಳು ಚಾಪೆ ತಂದು ಹಾಸಿದಳು, ಬಾಯಿಗೆ ಸೆರಗಿನಂತೆ ದುಪಟ್ಟಾ ಅಡ್ಡ ಹಿಡಿದೇ ಮಾತಾಡಿದಳು. ನಗುವಾಗಲೂ ತೆಗೆಯಲಿಲ್ಲ. ಹಲ್ಲು ಯಾರಿಗೂ ಕಾಣಬಾರದು ಎಂದು ಆ ವಯಸ್ಸಿಗೇ ರೂಢಿಯಾಗಿತ್ತು.

ನಾನು ನಮೂನೆ ಓದಿದೆ, ಓಬಮ್ಮ ಒಂದೊಂದಕ್ಕೂ ಹೂಂ ಎಂದರು. ಎಷ್ಟು ಜನ, ಎಷ್ಟು ವಯಸ್ಸು, ಯಾವ ಬೋರಿನ ನೀರು, ಎಷ್ಟು ವರ್ಷದಿಂದ ನೋವು. ಎಲ್ಲ ಸರಿ. ಮುಗಿದ ಮೇಲೆ ಕೇಳಿದರು, "ಆ ಹುಡುಗ ಒಂದು ಸಲ ಬರ್ಕಂಡು ಹೋದ. ಈಗ ನೀವು ಯಾಕೆ ಬಂದ್ರಿ ತಾಯಿ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ನಿಮ್ಮ ಹಟ್ಟಿ ಹೆಸರನ್ನ ಬೆಂಗಳೂರಿನ ಕಂಪ್ಯೂಟರ್‌ನಾಗೆ ಓದಾಕೆ ಆಗಲಿಲ್ಲವ್ವ. ಅದಕ್ಕೆ ಪಟ್ಟಿಯಿಂದ ಅಳಿಸಿಬಿಟ್ಟಿದಾರೆ," ಎಂದೆ.

ಓಬಮ್ಮ ಸಮಾಧಾನವಾಗಿಯೇ ಹೇಳಿದರು.

"ಓದಾಕೆ ಬರದಿದ್ರೆ ನಮ್ಮನ್ನ ಕೇಳಬೇಕಿತ್ತಲ್ಲ. ಅಳಿಸಾಕೆ ಯಾರು ಹೇಳಿದ್ರು?"

ಪುಸ್ತಕ, ತರಬೇತಿ, ಸಮ್ಮೇಳನ ಎಲ್ಲ ಮುಗಿಸಿದ ನಮಗೆ ಯಾರಿಗೂ ಹೊಳೆಯದ ಮಾತನ್ನು ಅವರು ಚಾಪೆಯ ಮೇಲೆ ಕೂತು ಹೇಳಿದ್ದರು. ಅವತ್ತೂ ಮರುದಿನವೂ ಮೂರು ಹಟ್ಟಿಯ ಪ್ರತಿ ಮನೆಗೂ ಹೋದೆವು. ಪ್ರತಿ ನಮೂನೆಯ ಮೇಲೂ ಮನೆಯವರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿದೆ.

ವಾಪಸ್ ಬಂದು ಕಟ್ಟುಗಳನ್ನು ಸಾಹೇಬರ ಮೇಜಿನ ಮೇಲಿಟ್ಟೆ. ನಿಖಿಲ್ ಕಡತವನ್ನು ಸರಿಯಾದ ರೀತಿಯಲ್ಲಿ ತೆರೆದು ಹೊಸ ಪಟ್ಟಿ ಕಳಿಸಿದ್ದ. ಅವನು ಮುಚ್ಚಿಡಲಿಲ್ಲ, ತನ್ನ ತಪ್ಪೆಂದು ಬರೆದಿದ್ದ. ಗುಡ್ಡದಹಟ್ಟಿ ಪಟ್ಟಿಯ ಮೊದಲ ಹೆಸರು. ಕಲ್ಲೇರಹಟ್ಟಿ ಎರಡನೆಯದು. ಚಿಕ್ಕನಹಟ್ಟಿ ಮೂರನೆಯದು. ಇಡೀ ತಾಲ್ಲೂಕಿನಲ್ಲಿ ಅತಿ ಕೆಟ್ಟ ನೀರು ಕುಡಿಯುತ್ತಿದ್ದ ಮೂರು ಕಡೆಗಳನ್ನೇ ನಾವು ಕಸವೆಂದು ಗುಡಿಸಿ ಹಾಕಿದ್ದೆವು.

ಸಾಹೇಬರು ತಿದ್ದುಪಡಿಯ ಪತ್ರ ಬರೆಸಿದರು. 'ಕ್ಷೇತ್ರ ಸಿಬ್ಬಂದಿಯು ಊರಿನ ಸಂಖ್ಯೆಯ ಬದಲು ಕನ್ನಡದಲ್ಲಿ ಹೆಸರು ನಮೂದಿಸಿದ ಕಾರಣ ಉಂಟಾದ ತಾಂತ್ರಿಕ ಲೋಪ.' ವಿಭಾಗದ ಮುಖ್ಯಸ್ಥೆಯಾಗಿ ನಾನು ಸಹಿ ಹಾಕಬೇಕಿತ್ತು.

"ಇದಕ್ಕೆ ಸಹಿ ಹಾಕಲ್ಲ ಸಾರ್."

"ತಿಪ್ಪೇಸ್ವಾಮಿ ನೌಕರಿ ಉಳೀತು, ಹಟ್ಟಿಗಳು ಪಟ್ಟಿಗೆ ಬಂದ್ವು. ಇನ್ನೇನ್ರೀ ಬೇಕು ನಿಮಗೆ?"

"ಇದ್ದದ್ದು ಇದ್ದಂಗೆ ಬರೀಬೇಕು."

"ನಾಕು ತಿಂಗಳಿಗೆ ರಿಟೈರ್ ಆಗೋರು ನೀವು. ಯಾಕೆ ಬೇಕಿತ್ತು ಈ ಹಟ?"

"ಇಷ್ಟು ವರ್ಸ ಹಟ ಮಾಡದೇ ಇದ್ದದ್ದೇ ತಪ್ಪಾತು ಸಾರ್."

ಇಪ್ಪತ್ತು ವರ್ಷ ಅವರ ಕೈಕೆಳಗೆ ಇದ್ದವಳು ಮೊದಲ ಸಲ ಎದುರು ಮಾತಾಡಿದ್ದೆ. ಹೊರಗೆ ಬಂದು ನನ್ನ ಮೇಜಿನಲ್ಲಿ ಕೂತು ನಾನೇ ಪತ್ರ ಬರೆದೆ. ಹೆಸರು ನಮೂದಿಸಿದ ರೀತಿ ಸರಿಯಾಗಿಯೇ ಇತ್ತು. ಕಡತವನ್ನು ತಪ್ಪು ರೀತಿಯಲ್ಲಿ ತೆರೆಯಲಾಯಿತು. ಓದಲಾಗದ ಹೆಸರನ್ನು ವಿಚಾರಿಸದೆ ಅಳಿಸಿದ್ದು, ಮೊತ್ತ ತಾಳೆ ನೋಡುವ ಮೊದಲೇ ವರದಿ ಕಳಿಸಿದ್ದು ನಮ್ಮ ಸಂಸ್ಥೆಯ ತಪ್ಪು. ಅದರ ಕೆಳಗೆ ಇನ್ನೊಂದು ಪ್ಯಾರಾ ಸೇರಿಸಿದೆ. ಹಿಂದೆ ಹೊನ್ನಾಳಿಯ ಕೋಷ್ಟಕದ ವಿಷಯದಲ್ಲಿ ಶಬೀನಾ ಅವರಿಗೆ ಕೊಟ್ಟ ಮೆಮೊ ಆಧಾರವಿಲ್ಲದ್ದು, ಆಗಲೇ ನನಗೆ ಅದು ಗೊತ್ತಿತ್ತು, ನಾನು ಹೇಳಲಿಲ್ಲ. ಒಂದು ಪ್ರತಿ ಸಾಹೇಬರಿಗೆ, ಒಂದು ಕೇಂದ್ರ ಕಚೇರಿಗೆ, ಒಂದು ಸಮೀಕ್ಷೆ ಮಾಡಿಸಿದ ಕಚೇರಿಗೆ.

ಪ್ರತಿಯನ್ನು ಶಬೀನಾಳಿಗೂ ತೋರಿಸಿದೆ. ಅವಳು ಎರಡು ಸಲ ಓದಿದಳು.

"ಇಷ್ಟು ದಿನ ಆದ್ಮೇಲೆ ಯಾಕಕ್ಕ?"

"ಅವತ್ತೇ ಬರೀಬೇಕಿತ್ತು."

"ಹೌದು. ಬರೀಬೇಕಿತ್ತು," ಎಂದಳು. ಪರವಾಗಿಲ್ಲ ಎನ್ನಲಿಲ್ಲ. ಅನ್ನಲಿ ಎಂದು ನಾನು ಕಾಯಲೂ ಬಾರದಿತ್ತು. ಒಂದು ವಾರ ಬಿಟ್ಟು ಊಟದ ಡಬ್ಬಿ ತಂದು ನನ್ನ ಮೇಜಿನ ಮೇಲೆ ಬಿಚ್ಚಿದಳು.

ನನ್ನನ್ನು ದತ್ತಾಂಶ ವಿಭಾಗದಿಂದ ಉಗ್ರಾಣಕ್ಕೆ ಹಾಕಿದರು. ಕೊನೆಯ ನಾಲ್ಕು ತಿಂಗಳು ಮುರಿದ ಕುರ್ಚಿಗಳನ್ನು ಎಣಿಸಿದೆ. ಬೀಳ್ಕೊಡುಗೆಯಲ್ಲಿ ಸಾಹೇಬರು ನನ್ನ ನಿಷ್ಠೆಯನ್ನು ಹೊಗಳಿ ಮಾತಾಡಿದರು.

ನಿವೃತ್ತಿಯಾಗಿ ಮುಂದಿನ ಬೇಸಿಗೆಯಲ್ಲಿ ತಿಪ್ಪೇಸ್ವಾಮಿ ಫೋನ್ ಮಾಡಿದ. ಗುಡ್ಡದಹಟ್ಟಿಯಲ್ಲಿ ನೀರಿನ ಘಟಕದ ಉದ್ಘಾಟನೆ, ಕಲ್ಲೇರಹಟ್ಟಿಯದು ಅದರ ಮರುದಿನ. ನನ್ನನ್ನು ಯಾರೂ ಕರೆದಿರಲಿಲ್ಲ. ಶಬೀನಾಳನ್ನು ಕರೆದುಕೊಂಡು ಹೋದೆ. ಶಾಮಿಯಾನ ಹಾಕಿದ್ದರು. ಒಬ್ಬ ಅಧಿಕಾರಿ ವೈಜ್ಞಾನಿಕ ಸಮೀಕ್ಷೆಯ ಬಗ್ಗೆ ಮಾತಾಡಿದರು. ಓಬಮ್ಮ ಮುಂದಿನ ಸಾಲಿನಲ್ಲಿ, ಕಾಲು ಚಾಚಿಕೊಂಡು ಕೂತಿದ್ದರು.

ಹಿಂದೆ ಏಳೆಂಟು ಹೆಂಗಸರು ಖಾಲಿ ಕೊಡ ಹಿಡಿದು ನಿಂತಿದ್ದರು. ಚಿಕ್ಕನಹಟ್ಟಿಯವರು. ಬಿಸಿಲಿನಲ್ಲಿ ನಡೆದು ಬಂದಿದ್ದರು. ಅವರಲ್ಲಿ ಒಬ್ಬಳು, "ಸಾಹೇಬ್ರೇ, ನಮ್ಮ ಹಟ್ಟಿಗೆ ಯಾವಾಗ?" ಎಂದು ಕೇಳಿದಳು.

ಅಧಿಕಾರಿ ಪಕ್ಕದವರನ್ನು ಏನೋ ವಿಚಾರಿಸಿ, "ನಿಮ್ಮದು ಈ ಪಟ್ಟಿಯಲ್ಲಿ ಇಲ್ಲಮ್ಮ. ಮುಂದಿನ ಪಟ್ಟಿಗೆ ನೋಡೋಣ," ಎಂದರು.

ಎದ್ದು ವೇದಿಕೆಯ ಬಳಿಗೆ ಹೋದೆ. ನಾನು ಯಾರು ಎಂದು ಯಾರಿಗೂ ಗೊತ್ತಿರಲಿಲ್ಲ, ತಡೆಯುವ ಹೊತ್ತಿಗೆ ನಾನು ಮೇಜಿನ ಮುಂದಿದ್ದೆ. ಅವರ ಮುಂದಿದ್ದ ಕಡತದಲ್ಲಿ ನಮ್ಮ ತಿದ್ದಿದ ಪಟ್ಟಿಯೇ ಇತ್ತು.

"ಪಟ್ಟಿಯಾಗೆ ಐತೆ ಸಾರ್. ಮೂರನೇ ಸಾಲು ನೋಡ್ರಿ."

"ಯಾರ್ರೀ ನೀವು?"

"ಈ ಪಟ್ಟಿ ಮಾಡಿದೋಳು. ಮೂರನೇ ಸಾಲು ಓದ್ರಿ."

ಅವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ತುಟಿ ಅಲುಗಿತು. "ಚಿಕ್ಕನಹಟ್ಟಿ," ಎಂದು ಗೊಣಗಿದರು.

"ಮೈಕಿನಾಗೆ ಓದ್ರಿ," ಎಂದೆ. "ಹಿಂದೆ ನಿಂತೋರಿಗೆ ಕೇಳಿಸಬೇಕು."

ಅವರು ನನ್ನನ್ನು ನೋಡಿದರು, ಕೊಡ ಹಿಡಿದು ನಿಂತವರನ್ನು ನೋಡಿದರು. ಆಮೇಲೆ ಮೈಕನ್ನು ಹತ್ತಿರ ಎಳೆದುಕೊಂಡು, ತಡವರಿಸದೆ, ಪೂರ್ತಿ ಓದಿದರು.